ಆರಡಿ ಎಂಟಡಿಯ ಕೋಣೆ

“ಮೊದಲು ಈ ಗೋಡೆ ತೆಗೀರಿ,” ಎಂದು ಸುಘೋಷ ಲ್ಯಾಪ್‌ಟಾಪಿನ ಪರದೆಗೆ ಬೆರಳು ಮುಟ್ಟಿಸಿ ಹೇಳಿದ.

ಆರ್ಕಿಟೆಕ್ಟ್ ಪ್ರಣಮ್ಯಾ ಗೆರೆಯನ್ನು ಆರಿಸಿ ಅಳಿಸಿದಳು. ಚೆನ್ನೈನ ಮೈಲಾಪುರದ ಆ ಮನೆಯ ಅರವತ್ತು ವರ್ಷ ಹಳೆಯ ನೀಲಿ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಗೋಡೆ ಗೋಡೆಗೂ ಟೇಪು ಹಿಡಿದು ಅಳೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮತ್ತೆ ಬರೆದು ತಂದಿದ್ದಳು. ಈಗ ಅಡುಗೆಮನೆಯ ಹಿಂದಿದ್ದ ಆರಡಿ ಎಂಟಡಿಯ ಕೋಣೆ ಒಂದೇ ಕ್ಷಣದಲ್ಲಿ ಇಲ್ಲವಾಗಿ, ಅಡುಗೆಮನೆ ಹಿತ್ತಲಿನವರೆಗೂ ಹಿಗ್ಗಿತು.

“ಅದೇನು ರೂಮ್ ಸರ್? ಮನೆ ಒಳಗಿಂದ ಬಾಗಿಲೇ ಇಲ್ಲ, ಹಿತ್ತಲ ಕಡೆ ಒಂದೇ.”

ಸುಘೋಷನ ದನಿ ತಗ್ಗಿತು. “ಮುಟ್ಟಾದಾಗ ಹೆಂಗಸರನ್ನ ಕೂರಿಸ್ತಿದ್ದ ರೂಮು. ನಮ್ಮಮ್ಮ ಮೂವತ್ತು ವರ್ಷ ಅಲ್ಲಿ ಕೂತಿದಾಳೆ. ಚಿಕ್ಕವನಿದ್ದಾಗ ಕಿಟಕೀಲಿ ಅವಳನ್ನ ನೋಡಿ ಅತ್ತಿದೀನಿ. ದೊಡ್ಡವನಾದ್ಮೇಲೆ ಒಡೆದು ಹಾಕ್ತೀನಿ ಅಂತ ಅವತ್ತೇ ಅಂದ್ಕೊಂಡಿದ್ದೆ.” ಹೇಳುವಾಗ ಅವನ ಕಣ್ಣು ನಿಜವಾಗಿಯೂ ತುಂಬಿತ್ತು. “ಅಮ್ಮಾ, ಬಾ ಇಲ್ಲಿ!”

ಎಪ್ಪತ್ತಾರರ ತುಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಲೆಯ ಮುಂದಿನಿಂದ ಎದ್ದು ಬಂದರು. ಪಕ್ಕದ ಕೋಣೆಯಲ್ಲಿ ಆಫೀಸಿನ ಮೀಟಿಂಗಿಗೆ ಕೂತಿದ್ದ ಸೊಸೆ ವಿಭಾಳೂ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಬಂದು ನಿಂತಳು.

“ನೋಡಮ್ಮ, ಆ ಪೀಡೆ ಹೋಯ್ತು. ಇನ್ಮೇಲೆ ನಿನ್ನ ಅಡುಗೆಮನೆ ಒಂದೂವರೆ ಪಟ್ಟು ದೊಡ್ಡದು. ನಡುವೆ ಗ್ರಾನೈಟ್ ಕಟ್ಟೆ, ಹಾಲ್ ಕಡೆಗೆ ಫುಲ್ ಓಪನ್. ದೋಸೆ ಹುಯ್ತಾನೇ ನಮ್ಮ ಜೊತೆ ಮಾತಾಡಬಹುದು!”

ತುಂಗಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. “ನನ್ನ ಕೋಣೆ ಎಲ್ಲಮ್ಮ?” ಎಂದು ಪ್ರಣಮ್ಯಾಳನ್ನು ಕೇಳಿದರು.

“ತೆಗೆದಾಯ್ತಲ್ಲ ಅಜ್ಜಿ.”

“ವಾಪಸ್ ತರೋಕಾಗತ್ತಾ?”

ಪ್ರಣಮ್ಯಾ ಕೀಲಿ ಒತ್ತಿದಳು. ಗೋಡೆ ಇದ್ದಲ್ಲಿಗೇ ಬಂದು ಕೂತಿತು.

“ಏನಮ್ಮ ಇದು! ನಿನ್ನನ್ನ ಕಸದ ಹಾಗೆ ಮೂಲೆಗೆ ಹಾಕ್ತಿದ್ದ ಜಾಗ ಅದು.”

“ಹೌದು ಕಣೋ. ತಟ್ಟೆ ಹೊಸಿಲಾಚೆ ಇಟ್ಟು ಹೋಗ್ತಿದ್ರು, ಮಗು ಅತ್ರೂ ಎತ್ಕೊಳ್ಳೋ ಹಾಗಿರಲಿಲ್ಲ. ಅದೆಲ್ಲ ಸುಳ್ಳಲ್ಲ. ಆದ್ರೆ ಆ ಮೂರು ದಿನ ಒಬ್ರೂ ನನ್ನ ಏನೂ ಕೇಳ್ತಿರಲಿಲ್ಲ. ಹಳೇ ವಾರಪತ್ರಿಕೆ ಇಟ್ಕೊಂಡು ತಮಿಳು ಓದೋದು ಕಲ್ತಿದ್ದು ಅಲ್ಲೇ. ಹಗಲು ನಿದ್ದೆ ಅಂತ ಮಾಡಿದ್ದೂ ಅಲ್ಲೇ. ನಲವತ್ತೊಂಬತ್ತಕ್ಕೆ ಮುಟ್ಟು ನಿಂತ್ಹೋಯ್ತು. ಆಮೇಲೂ ಎರಡು ವರ್ಷ, ತಿಂಗಳು ತಿಂಗಳೂ ಸುಳ್ಳು ಹೇಳಿ ಹೋಗಿ ಕೂತ್ಕೊಂಡೆ. ನಿಮ್ಮಜ್ಜಿಗೆ ಗೊತ್ತಾಗಿತ್ತು ಅನ್ಸತ್ತೆ. ಪಾಪ, ಏನೂ ಅನ್ನದೆ ತಟ್ಟೆ ತಂದಿಡ್ತಿದ್ರು. ಅವರು ಹೋಗಿ ಇಪ್ಪತ್ತೈದು ವರ್ಷ ಆಯ್ತು. ಒಂದಿನಾನೂ ರಜ ಇಲ್ಲ.”

“ರೆಸ್ಟ್ ಬೇಕಿದ್ರೆ ಹೇಳಬಾರದಾ? ನಿನ್ನ ಬೆಡ್‌ರೂಮ್ ಇಲ್ವಾ?”

“ಅಲ್ಲಿಗೆ ಎಲ್ರೂ ಬರ್ತೀರಿ.”

“ಬಂದೋರು ಏನಂದ್ಕೋತಾರಮ್ಮ? ಈ ಕಾಲದಲ್ಲಿ ಮುಟ್ಟಿನ ಕೋಣೆ ಇಟ್ಕೊಂಡಿದಾರೆ ಅಂದ್ರೆ ನಗಲ್ವಾ?” ಎನ್ನುತ್ತ ಅವನು ಬೆಂಬಲಕ್ಕಾಗಿ ಹೆಂಡತಿಯ ಕಡೆ ತಿರುಗಿದ.

ವಿಭಾಳ ಕತ್ತಿನಲ್ಲಿದ್ದ ಹೆಡ್‌ಫೋನಿನಿಂದ ಸಣ್ಣ ದನಿಯೊಂದು ಎರಡು ಸಲ ಅವಳ ಹೆಸರು ಹಿಡಿದು ಕರೆಯಿತು. ಅವಳು ಅತ್ತೆಯ ಪಕ್ಕಕ್ಕೆ ಬಂದು ಪರದೆಯ ಮೇಲಿನ ಆ ಪುಟ್ಟ ಚೌಕವನ್ನು ನೋಡಿದಳು.

“ಪ್ರಣಮ್ಯಾ, ಇದ್ರಲ್ಲಿ ಇಬ್ರು ಮಲಗಬಹುದಾ?”

ಪ್ರಣಮ್ಯಾ ಸುಘೋಷನ ಮುಖ ನೋಡಲಿಲ್ಲ. ಮರಳಿ ಬಂದಿದ್ದ ಗೋಡೆಯನ್ನು ಹಿಡಿದು, ಅಡುಗೆಮನೆಯೊಳಕ್ಕೆ ಎರಡಡಿ ಎಳೆದಳು.