ಮೆಟ್ಟಿಲಿನ ಗೇಟು

ಪಕ್ಕದ ಫ್ಲಾಟಿನಲ್ಲಿ ಯಾರೋ ಕಾಂಕ್ರೀಟ್ ಕೊರೆಯುತ್ತಿದ್ದಾರೆ. ಸುಟ್ಟ ಸಿಮೆಂಟಿನ ವಾಸನೆ ನನ್ನ ಅಡುಗೆಮನೆವರೆಗೂ ಬಂದಿದೆ.

ನಾನು ಚಿಕ್ಕವಳಿದ್ದಾಗ ಬಸವನಗುಡಿಯ ನಮ್ಮ ಮನೆ ಪಾಲಾಯಿತು; ಮಹಡಿ, ತಾರಸಿ ಎರಡೂ ದೊಡ್ಡಪ್ಪನಿಗೆ ಹೋದವು. ಕೆಳಗೆ ನಾವು ಮತ್ತು ಅಜ್ಜಿ. ಮರುವಾರವೇ ದೊಡ್ಡಪ್ಪ ಮೆಟ್ಟಿಲಿಗೆ ಕಬ್ಬಿಣದ ಗೇಟು ತರಿಸಿದರು. ಕೂರಿಸಲು ಕರೆದದ್ದು ಅಪ್ಪನನ್ನೇ. ಮನೆಯಲ್ಲಿ ಡ್ರಿಲ್ ಹಿಡಿಯಲು ಬರುತ್ತಿದ್ದುದು ಅವರೊಬ್ಬರಿಗೆ.

"ಸ್ಕ್ರೂ ಸಾಕಲ್ವಾ ಅಣ್ಣ? ಮುಂದೆ ಬೇಡ ಅನ್ಸಿದ್ರೆ ಬಿಚ್ಬಹುದು," ಎಂದರು ಅಪ್ಪ.

"ಯಾಕೆ ಬಿಚ್ಬೇಕು? ಆಂಕರ್ ಬೋಲ್ಟೇ ಹಾಕು, ಒಂದ್ಸಲ ಕೂತ್ರೆ ಕಿತ್ರೂ ಬರಬಾರ್ದು," ಎಂದರು ದೊಡ್ಡಪ್ಪ.

ಅಪ್ಪ ಡ್ರಿಲ್ ಎತ್ತಿಕೊಂಡರು. ಕಾಂಕ್ರೀಟ್ ಕಂಬಕ್ಕೆ ನಾಲ್ಕು ತೂತು ಕೊರೆದರು. ನನ್ನ ಕೈಗೆ ಸೈಕಲ್ ಪಂಪು ಕೊಟ್ಟು, "ಧೂಳು ಪೂರ್ತಿ ಹೋಗ್ಲಿ ಪುಟ್ಟಿ, ಇಲ್ದಿದ್ರೆ ಬೋಲ್ಟ್ ಹಿಡಿಯಲ್ಲ" ಎಂದರು. ಅಚ್ಚುಕಟ್ಟುತನ ಅವರ ಗುಣ, ಹಾಳಾದ ಗುಣ. ನಾನು ಖುಷಿಯಿಂದ ಗಾಳಿ ಹೊಡೆದೆ. ಬೂದಿಯಂಥ ಪುಡಿ ರೆಪ್ಪೆಯ ಮೇಲೆಲ್ಲ ಕೂತಿತು. ಅಪ್ಪ ಬೋಲ್ಟುಗಳನ್ನು ಸುತ್ತಿಗೆಯಿಂದ ಒಳಗಿಳಿಸಿ, ಹಲ್ಲು ಕಚ್ಚಿ ಸ್ಪ್ಯಾನರಿನಲ್ಲಿ ಬಿಗಿದರು.

ದೊಡ್ಡಪ್ಪ ಬೀಗ ಹಾಕಿಕೊಂಡು ಮೇಲೆ ಹೋದ ಮೇಲೆ ಅಜ್ಜಿಗೆ ನೆನಪಾಯಿತು: ಬೆಳಿಗ್ಗೆ ಇಟ್ಟ ಅರಳು ಸಂಡಿಗೆ ತಾರಸಿಯಲ್ಲೇ ಇತ್ತು. ಎರಡೂ ಕೈಯಲ್ಲಿ ಸರಳು ಹಿಡಿದು ಅಲ್ಲಾಡಿಸುತ್ತ ದೊಡ್ಡಮ್ಮನನ್ನು ಕೂಗಿದಳು. ದೊಡ್ಡಮ್ಮ ಇಳಿದು ಬಂದರು, ಬೀಗ ತೆಗೆಯಲಿಲ್ಲ. ಇನ್ನೂ ಒಣಗದ ಸಂಡಿಗೆಯನ್ನು ಸರಳುಗಳ ಸಂದಿಯಿಂದ ಹಿಡಿ ಹಿಡಿಯಾಗಿ ಅಜ್ಜಿಯ ಸೆರಗಿಗೆ ಹಾಕಿದರು.

ಅಪ್ಪ ಕೆಳಗೆ ನಿಂತು ಬೋಲ್ಟುಗಳನ್ನೇ ನೋಡುತ್ತಿದ್ದರು. ಅಜ್ಜಿ ಅಷ್ಟು ಅಲ್ಲಾಡಿಸಿದರೂ ಒಂದೂ ಮಿಸುಕಿರಲಿಲ್ಲ.