ಬಲಗಡೆಯ ಜಾಗ

“ಅವನು ಬರೀ ರೂಮ್‌ಮೇಟ್ ಅಲ್ಲಪ್ಪಾ. ಏಳು ವರ್ಷ ನಾವಿಬ್ರೂ ಸಂಸಾರ ಮಾಡಿದ್ವಿ,” ಎಂದು ಮಗ ಹೇಳಿದಾಗ, ಅಪ್ಪ ಸಮಾಧಿಕಲ್ಲಿನ ನಟ್ಟನಡುವೆ ಆ ಹುಡುಗನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದು, ಕೆತ್ತಲೆಂದು ಉಳಿ ಕೈಗೆತ್ತಿಕೊಂಡಿದ್ದ.

ಉಳಿ ಹಾಗೇ ನಿಂತಿತು. ಮೂವತ್ತು ವರ್ಷಗಳಿಂದ ಊರಿನಲ್ಲಿ ಸತ್ತವರಿಗೆಲ್ಲ ಅಪ್ಪನದೇ ಅಕ್ಷರ. ಒಂಟಿಯಾಗಿ ಹೋದವರ ಹೆಸರು ನಡುವೆ. ಜೋಡಿಯಿದ್ದವರದು ಎಡಕ್ಕೆ, ಬಲಗಡೆಯ ಅರ್ಧ ಬದುಕುಳಿದ ಜೋಡಿಗೆಂದು ಖಾಲಿ. ಆ ಹುಡುಗ ಮನೆಗೆ ಬಂದಾಗಲೆಲ್ಲ, “ನಿಂಗೊಂದು ಹೆಣ್ಣು ನೋಡ್ಲೇನೋ?” ಎಂದು ಇದೇ ಅಪ್ಪ ಕಾಲೆಳೆಯುತ್ತಿದ್ದ. ಅವನೂ ನಗುತ್ತಿದ್ದ, ಪಾಪ.

“ಆಗ್ಲೇ ಯಾಕೋ ಹೇಳ್ಲಿಲ್ಲ?”

“ನೀನು ಕೂಗಾಡ್ತೀಯ ಅಂತ.”

“ಕೂಗಾಡ್ತಿದ್ದೆ. ನಾಲ್ಕು ದಿನ ಮಾತೂ ಬಿಡ್ತಿದ್ದೆ. ಐದನೇ ದಿನ ನಾನೇ ಹೋಗಿ ಅವನನ್ನ ಮನೆಗೆ ಕರ್ಕೊಂಡು ಬರ್ತಿದ್ನಲ್ಲೋ!”

ಅಪ್ಪ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿ, ಆ ಹೆಸರನ್ನು ಮತ್ತೆ ಬರೆದ, ಈ ಸಲ ಎಡಕ್ಕೆ. ಆಮೇಲೆ ಬಲಗಡೆಯ ಖಾಲಿ ಜಾಗದ ಮೇಲೆ, ಮಲಗಿದ ಮಗುವಿನ ಬೆನ್ನ ಮೇಲಿಡುವ ಹಾಗೆ, ಅಂಗೈ ಇಟ್ಟ.

“ಇದನ್ನ ಮಾತ್ರ ಬೇರೆ ಯಾರಾದ್ರೂ ಕೆತ್ಲಿ ಕಣೋ. ಆ ಹೊತ್ತಿಗೆ ನಾನಿರಬಾರ್ದು.”