ಕಾಕಾನ ಮುಂದಿನ ಗಾಲಿ

ಹೊಸ ಟೈರಿನ ವಾಸನೆ ಬಂದರೆ ಇವತ್ತಿಗೂ ಸೇಡಂ ಸ್ಟೇಷನ್ನಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಮರುದಿನ ಬಸ್ಸಿಲ್ಲದ ಹಳ್ಳಿಯ ಶಾಲೆಗೆ ಮಾಸ್ತರಾಗಿ ಹಾಜರಾಗಬೇಕಿದ್ದ ಕಾಕಾ, ವಾಡಿಯಲ್ಲಿ ಕೊಂಡ ಸೈಕಲ್ಲನ್ನು ರೈಲಿನ ಗಾರ್ಡಿನ ಡಬ್ಬಿಗೆ ಹಾಕಿದ್ದ. ಯಾರಾದರೂ ಹತ್ತಿಕೊಂಡು ಓಡಿಹೋದಾರೆಂದು ಮುಂದಿನ ಗಾಲಿ ಬಿಚ್ಚಿ ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ. ಸೇಡಂನಲ್ಲಿ ಅದನ್ನು ಹಿಡಿದು ಜನರ ನಡುವೆ ನುಸುಳಿ ನನ್ನೊಂದಿಗೆ ಇಳಿಯುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು.

“ಸಾಹೇಬ್ರ, ನನ್ನ ಸೈಕಲ್ ಇಳಸ್ರಿ!”

“ಅರ್ಧ ನಿಮ್ಮ ಕೈಯಾಗೇ ಅದಲ್ಲರಿ! ಉಳಿದದ್ದು ತಾಂಡೂರದಾಗ ತಗೋರಿ!” ಎಂದು ಗಾರ್ಡ್ ಬಾವುಟ ಬೀಸುತ್ತಲೇ ಹೋದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಕರವಸ್ತ್ರ ಬೀಸಿ, ಅದೇ ದನಿಯಲ್ಲಿ “ತಾಂಡೂರದಾಗ ತಗೋರಿ” ಎಂದೆ.

“ಹಲ್ಕಟ್, ಎಲ್ಲಾರ ದನಿ ಬರ್ತದಲ್ಲ ನಿನಗ? ನಾಳೆ ಹೆಡ್ ಮಾಸ್ತರ್ರ ಮುಂದ ನಾ ಯಾವ ದನಿಲೆ ಮಾತಾಡ್ಲಿ, ಹೇಳು!” ಎನ್ನುತ್ತ ಕಾಕಾ ಬೆಂಚಿನ ಮೇಲೆ ಕುಸಿದ.

ನಾನು ಕರವಸ್ತ್ರ ಜೇಬಿಗೆ ತುರುಕಿ, ಹೊಸ ಟೈರಿನ ಆ ಗಾಲಿಯನ್ನು ಅವನ ಕೈಯಿಂದ ತೆಗೆದುಕೊಂಡೆ.